ಹಳದೀಪುರದ ಅರುಣಾ, ಪರೇಲಿನ ಸಿಸ್ಟರುಗಳು

ನಮ್ಮ ಮುಂಬಯಿ ಕನ್ನಡಿಗರಿಗೆ ಅರುಣಾ ಶಾನಭಾಗರ ಹೆಸರು ಹೊಸದಲ್ಲ. ಉತ್ತರ ಕನ್ನಡದ ಹಳದೀಪುರದವರು, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬ ಹಲ್ಲೆ ಮಾಡಿ, ಮೆದುಳಿಗೆ ಆಮ್ಲಜನಕ ತಪ್ಪಿ, ಮತ್ತೆ ಏಳಲೇ ಇಲ್ಲ. ದಯಾಮರಣದ ಕೇಸಿನ ಬಗ್ಗೆ ನಾವೆಲ್ಲ ಓದಿದ್ದೇವೆ. ನನಗೆ ಹೇಳಬೇಕೆನಿಸುವುದು ಅವರನ್ನು ನೋಡಿಕೊಂಡ ಸಿಸ್ಟರುಗಳ ವಿಷಯ.

ಮಾತಾಡಲಾರದ ರೋಗಿ. ನೋವೆಲ್ಲಿ, ಹಸಿವೆಷ್ಟು ಎಂಬುದನ್ನು ಸಿಸ್ಟರೇ ನೋಡಿ ತೀರ್ಮಾನಿಸಬೇಕು. ಸೊಂಟದ ಚರ್ಮ ಕೆಂಪಾಗಿ, ಬೆರಳಿಂದ ಒತ್ತಿದರೂ ಆ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಡಾಕ್ಟರ ರೌಂಡಿಗೆ ಕಾಯದೆ ಮಗ್ಗುಲು ಬದಲಿಸಬೇಕು. ಕೋಣೆಯಲ್ಲಿ ಜನ ತುಂಬಿದರೆ ಅರುಣಾ ಕೂಗುತ್ತಿದ್ದರು, ಹೊರಟರೆ ಸುಮ್ಮನಾಗುತ್ತಿದ್ದರು. ಮೀನು, ಚಿಕನ್ ಸೂಪ್ ಕೊಟ್ಟರೆ ಮುಖದಲ್ಲಿ ನಗು. 2010ರ ಸೆಪ್ಟೆಂಬರಿನಲ್ಲಿ ಜ್ವರ ಬಂದು ಊಟ ಇಳಿದಾಗ ನಳಿಕೆ ಹಾಕಬೇಕಾಯಿತು.

ಪತ್ರಕರ್ತೆ ಪಿಂಕಿ ವಿರಾನಿಯವರ ಅರ್ಜಿಯಲ್ಲೂ ಕನಿಕರವೇ ಇತ್ತು. ಆದರೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡಬೇಕಾದವರು ಇಷ್ಟು ವರ್ಷ ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿ ಎಂದಿತು. ಹೈಕೋರ್ಟು ಒಪ್ಪಿದರೆ ಚಿಕಿತ್ಸೆ ನಿಲ್ಲಿಸಬಹುದೆಂದು ದೇಶಕ್ಕೆ ದಾರಿ ತೋರಿಸಿದ್ದೂ ಅದೇ ತೀರ್ಪು.

ಬ್ಯಾಂಕಿನಲ್ಲಿ ನಮಗೆ ಪ್ರತಿ ವೋಚರಿಗೂ ಸಹಿ ಬೇಕು. ಈ ಸಿಸ್ಟರುಗಳ ಸಾವಿರಾರು ಸಣ್ಣ ತೀರ್ಮಾನಗಳಿಗೆ ಸಹಿಯಿಲ್ಲ. ಕೋರ್ಟು ಕಳಿಸಿದ ಡಾಕ್ಟರುಗಳಿಗೆ ಸಿಕ್ಕ ಸಾಕ್ಷಿ ಒಂದೇ: 37 ವರ್ಷ ಮಲಗಿದ ಮೈಮೇಲೆ ಹಾಸಿಗೆ ಹುಣ್ಣಿರಲಿಲ್ಲ.

2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಆ ಹೊತ್ತಿಗೆ ಅವರನ್ನು ನೋಡಿಕೊಳ್ಳುತ್ತಿದ್ದವರಲ್ಲಿ 1973ರಲ್ಲಿ ಹುಟ್ಟಿಯೇ ಇರದ ಹುಡುಗಿಯರಿದ್ದರು.