ನದಿಯ ಕೆಳಗಣ ಗಣಿ

ನೆಲದಡಿಯ ಕಲ್ಲಿದ್ದಲ ಗಣಿಗೆ ಛಾವಣಿಯಾದ ಬಂಡೆಯೇ ಮೇಲಣ ನದಿಗೆ ತಳ. ಈ ಒಂದೇ ಪದರವು ಕಾರ್ಮಿಕನನ್ನೂ ನೀರನ್ನೂ ಕಾಯುತ್ತದೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯದ ನಾಕ್ಸ್ ಗಣಿಯ ಇತಿಹಾಸವೇ ಸಾಕ್ಷಿ. ಸಸ್ಕ್ವೆಹಾನ ನದಿಯ ಕೆಳಗೆ 35 ಅಡಿ ಬಂಡೆಯಿದ್ದರೆ ಕ್ಷೇಮವೆಂದು ಗೊತ್ತಿದ್ದರೂ, ಕಲ್ಲಿದ್ದಲಿನ ಆಸೆಯಿಂದ ಕೆಲವೇ ಅಡಿಗಳನ್ನುಳಿಸಿ ತೋಡಲಾಯಿತು. 1959ರ ಜನವರಿ 22ರಂದು ನದಿಯು ಛಾವಣಿಯನ್ನೊಡೆದು ಒಳನುಗ್ಗಿತು. 12 ಮಂದಿ ಮಡಿದರು. ಅವರ ದೇಹಗಳೂ ದೊರೆಯಲಿಲ್ಲ. ಸುಳಿಯನ್ನು ಮುಚ್ಚಲು ರೈಲಿನ ವ್ಯಾಗನ್ನುಗಳನ್ನೇ ಉರುಳಿಸಿ, ಕೊನೆಗೆ ನದಿಯ ಹರಿವನ್ನೇ ತಿರುಗಿಸಬೇಕಾಯಿತು.

ನೆರೆಯ ಲ್ಯಾಕವಾನ ಕಣಿವೆಯ ಕಥೆ ಇದಕ್ಕೆ ವಿಪರೀತ. ಗಣಿಗಳು ಮುಚ್ಚಿ ಪಂಪುಗಳು ನಿಂತ ಮೇಲೆ ಅಲ್ಲಿ ನೀರು ಮನೆಗಳ ನೆಲಮಾಳಿಗೆಗೆ ಏರಿತು. ಅದನ್ನಿಳಿಸಲು 1962ರಲ್ಲಿ ಕೊರೆದ ರಂಧ್ರದಿಂದ ಕಬ್ಬಿಣ ಬೆರೆತ ಕೆಂಗಂದು ನೀರು ಇಂದಿಗೂ ಹೊಳೆಗೆ ಸುರಿಯುತ್ತಿದೆ.

ಗಣಿಗೆ ನದಿ ನುಗ್ಗದಂತೆಯೂ, ನದಿಗೆ ಗಣಿಯ ಕೊಳೆ ಹರಿಯದಂತೆಯೂ ತಡೆಯುವ ವೆಚ್ಚವು ಅಗೆತದ ಮೊದಲ ದಿನದಿಂದಲೇ ಕಲ್ಲಿದ್ದಲಿನ ಬೆಲೆಯಲ್ಲಿ ಸೇರತಕ್ಕದ್ದು.