ಸ್ಲಾಟಿನಲ್ಲಿ ಕೂತಿದ್ದ ಕನ್ನಡ

ಕನ್ನಡ ಗಣಕದ ಚರಿತ್ರೆ ಬರೆಯುವವರು ಕೀಲಿಮಣೆಯಿಂದ ಹೊರಟು ಫಾಂಟುಗಳನ್ನು ದಾಟಿ ಯೂನಿಕೋಡಿನಲ್ಲಿ ನಿಲ್ಲುತ್ತಾರೆ. ಸ್ಲಾಟಿನಲ್ಲಿ ಕೂತು ಕನ್ನಡ ಮೂಡಿಸುತ್ತಿದ್ದ ಕಾರ್ಡುಗಳ ಸುದ್ದಿಯೇ ಇರುವುದಿಲ್ಲ. ಹಳೆಯ ಕಡತವನ್ನು ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟರೆ ಸಾಕು, ಎಲ್ಲವೂ ಯೂನಿಕೋಡ್ ಆಗುತ್ತದೆ ಎಂಬ ಈಚಿನ ನಂಬಿಕೆ ಹುಟ್ಟಿದ್ದು ಈ ಮರೆವಿನಿಂದ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡೇ ಬಂದವನಿಗೆ ಇದನ್ನು ಒಪ್ಪುವುದು ಕಷ್ಟ.

1981ರ ಐಬಿಎಂ ಪಿಸಿಗೆ ಏಕವರ್ಣದ ಕಾರ್ಡು, ಬಣ್ಣದ ಕಾರ್ಡು ಎರಡೂ ಇದ್ದವು. ಮರುವರ್ಷ ಹರ್ಕ್ಯುಲಿಸ್ ಬಂತು. ಅದನ್ನು 'ಫುಲ್' ಮೋಡಿಗೆ ಹಾಕಿದರೆ 64 ಕೆಬಿ ಮೆಮೊರಿ ಜಾಗವನ್ನು ಹಿಡಿದು ಬಣ್ಣದ ಕಾರ್ಡಿನ ಜಾಗವನ್ನೂ ಆಕ್ರಮಿಸುತ್ತಿತ್ತು. 'ಹಾಫ್' ಮೋಡಿನಲ್ಲಿ ಎರಡೂ ಒಂದೇ ಯಂತ್ರದಲ್ಲಿ ಬಾಳುತ್ತಿದ್ದವು. ಮೋಡ್ ಆರಿಸುವ ಪಾಠ ಅಲ್ಲಿಂದ ಶುರುವಾಯಿತು.

ನಮ್ಮ ತಲೆಮಾರಿಗೆ ಮುಖ್ಯವಾದದ್ದು ಜಿಸ್ಟ್ ಕಾರ್ಡು. ಐಐಟಿ ಕಾನ್ಪುರದಲ್ಲಿ ಬೀಜ ಬಿದ್ದು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕಾರ್ಡು ಡಾಸ್‌ನ ಡಿಬೇಸ್, ವರ್ಡ್‌ಸ್ಟಾರ್‌ಗಳನ್ನು ತಿದ್ದದೆಯೇ ಅವುಗಳಲ್ಲಿ ಕನ್ನಡ ತೋರಿಸಿತು. ಅಷ್ಟು ದೊಡ್ಡ ಕೆಲಸಕ್ಕೆ ಸಿಕ್ಕ ಮನ್ನಣೆ ತೀರ ಕಡಿಮೆ. ಅದರ ಹಿಂದಿದ್ದದ್ದು ಇಸ್ಕಿ ಸಂಕೇತ. 1991ರಲ್ಲಿ ಐಎಸ್ 13194 ಎಂಬ ಮಾನಕವಾಯಿತು. ಭಾರತೀಯ ಅಕ್ಷರಗಳೆಲ್ಲ 161ರಿಂದ ಮೇಲಿನ ಸಂಖ್ಯೆಗಳಲ್ಲಿ. ತೊಡಕು ಅಲ್ಲೇ: ಪಿಸಿಯಲ್ಲಿ 176ರಿಂದ 223ರವರೆಗೆ ಪಟ್ಟಿಯ ಗೆರೆಗಳು, ಚೌಕಗಳು ಮೊದಲೇ ನೆಲೆಸಿದ್ದವು. ಅಡ್ಡಗೆರೆ 196, ಜೋಡಿ ಅಡ್ಡಗೆರೆ 205, ಉದ್ದಗೆರೆ 179. ಇಸ್ಕಿಯಲ್ಲಿ ಇವೇ ಕ್ರಮವಾಗಿ ದ, ಯ, ಕ. ಲೆಕ್ಕದ ಪಟ್ಟಿ ತೆರೆದರೆ ಅಂಚಿನುದ್ದಕ್ಕೂ 'ದದದದ' ಎಂದು ಬರುವುದು ಇದರಿಂದ. ಪಿಸಿ-ಇಸ್ಕಿ ಎಂಬ ಮತ್ತೊಂದು ಜೋಡಣೆ ಗೆರೆಗಳ ಜಾಗವನ್ನು ಬಿಟ್ಟು ಅಕ್ಷರಗಳನ್ನು ಆಚೀಚೆ ಹಂಚಿತು. ಪಟ್ಟಿ ಹೆಚ್ಚಿರುವ ಕಚೇರಿಗೆ ಪಿಸಿ-ಇಸ್ಕಿಯೇ ಸರಿ, ಬರೀ ಪಠ್ಯಕ್ಕೆ ಇಸ್ಕಿ. ನಾನು ಈಗಲೂ ಹೇಳುವುದು ಇದನ್ನೇ. ಇಸ್ಕಿಯಲ್ಲಿ ಒಂದೇ ಸಂಖ್ಯೆ ಕನ್ನಡದ ಕ ಆಗಬಹುದು, ತೆಲುಗಿನದೂ ಆಗಬಹುದು. ಎರಡೂ ಭಾಷೆ ಬೆರೆತ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಗುಣದ ಬೆಲೆ ಬೇರೆಯೇ. ಲಿಪಿ ಯಾವುದೆಂಬ ಗುರುತು ಕಡತದೊಳಗಿಲ್ಲದಿದ್ದರೆ ಮಾತ್ರ ಅದೇ ಗುಣ ತೊಂದರೆಯಾಗುತ್ತದೆ.

ಆಮೇಲೆ ಸರದಿ ಪೋರ್ಟುಗಳದು. ಮದರ್‌ಬೋರ್ಡಿನ ಪ್ರಿಂಟರ್ ಪೋರ್ಟಿಗೆ ಎಸ್‌ಪಿಪಿ, ಇಪಿಪಿ, ಇಸಿಪಿ ಮೋಡುಗಳು. ಇಸಿಪಿಗೆ ಡಿಎಂಎ ಚಾನೆಲ್ಲೊಂದು ಬೇಕು. 1ನ್ನು ಕೊಟ್ಟರೆ ಸೌಂಡ್ ಕಾರ್ಡಿನೊಡನೆ ಜಗಳ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಎಸ್‌ಪಿಪಿಯೇ ಧಾರಾಳ. ಈಗಿನವರು ಯುಎಸ್‌ಬಿ ಕೇಬಲ್ ಕೊಂಡು ಮುಗಿಯಿತೆನ್ನುತ್ತಾರೆ. ಮಾವಿನ ಮಂಡಿಯ ವೇಬ್ರಿಡ್ಜ್‌ನ ಸೀರಿಯಲ್ ತಂತಿಗೆ ಅದು ವಿಂಡೋಸ್‌ನಲ್ಲಿ ನಡೆದೀತು. ನೇರವಾಗಿ 378ಎಚ್ ವಿಳಾಸಕ್ಕೇ ಬರೆಯುವ ಡಾಸ್ ಪ್ರೋಗ್ರಾಮಿಗೆ ನಡೆಯದು, ಆ ಕೇಬಲ್‌ಗೆ ಅಂಥ ವಿಳಾಸವೇ ಇರುವುದಿಲ್ಲ.

2002ರ ಹೊತ್ತಿಗೆ 'ಭೂಮಿ' ಯೋಜನೆ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ತಂದದ್ದರ ಬಗ್ಗೆ ಪುಟಗಟ್ಟಲೆ ಬರಹವಿದೆ. ಅದಕ್ಕೂ ಹಿಂದಿನ ಫ್ಲಾಪಿಗಳ ಮೇಲೆ ಊರು, ವರ್ಷ ಬರೆದಿರುತ್ತಾರೆ. ಇಸ್ಕಿಯೋ ಪಿಸಿ-ಇಸ್ಕಿಯೋ ಎಂಬ ಮೋಡ್ ಬರೆದದ್ದು ಕಾಣುವುದೇ ಅಪರೂಪ. ಪರಿವರ್ತಿಸುವ ಮೊದಲು 196, 205ರ ಉದ್ದ ಸಾಲುಗಳಿವೆಯೇ ಎಂದು ನೋಡಬೇಕು: ಇದ್ದರೆ ಪಿಸಿ-ಇಸ್ಕಿ ಎಂದು ಹಿಡಿದು ಮುಂದುವರಿಯಬೇಕು. ಕಾರ್ಡು ಇನ್ನೂ ಯಂತ್ರದಲ್ಲಿದ್ದರೆ ಗುಜರಿಗೆ ಕೊಡುವ ಮುನ್ನ ಅದರ ಜಂಪರುಗಳ ಚಿತ್ರವನ್ನಾದರೂ ತೆಗೆದಿಡಬೇಕು.