ಹದಿನಾರಾಣೆ ಬೆಳೆಯ ಲೆಕ್ಕ

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಬೆಳೆ ಕೈಕೊಟ್ಟಾಗ ರೈತನಿಗೆ ಪರಿಹಾರ ಸಿಗುವ ಕ್ರಮದ ಬೇರು ಹುಡುಕುತ್ತ ಹೋದರೆ ಕಂದಾಯದ ಕಚೇರಿಗೆ ಬಂದು ಮುಟ್ಟುತ್ತೇವೆ. ಹಳೆಯ ಕಂದಾಯ ಪದ್ಧತಿಯಲ್ಲಿ ಭರ್ತಿ ಬೆಳೆಯೆಂದರೆ ಹದಿನಾರಾಣೆ. ಊರಿನ ಬೆಳೆ ಎಷ್ಟಾಣೆಗೆ ಇಳಿಯಿತೆಂದು ಅಂದಾಜು ಕಟ್ಟಿ, ತೀರ ಇಳಿದಿದ್ದರೆ ಆ ವರ್ಷದ ಕಂದಾಯವನ್ನು ಮುಂದೂಡುವುದು ಇಲ್ಲವೆ ಮಾಫಿ ಮಾಡುವುದು, ಇದೇ ಆಣೆವಾರಿ. 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ಅದು ಪೈಸೆವಾರಿಯಾಯಿತು. ಐವತ್ತು ಪೈಸೆಗಿಂತ ಕೆಳಗಿಳಿದ ಊರು ಬರದ ಊರು ಎನಿಸುತ್ತಿತ್ತು. ಹಾನಿ ಲೆಕ್ಕಕ್ಕೆ ಬರುತ್ತಿದ್ದುದು ಊರಿನದು, ಹೊಲದ್ದಲ್ಲ. ವಸೂಲಿಯಲ್ಲಿ ಎಷ್ಟು ಬಿಡಬೇಕೆಂದು ತೀರ್ಮಾನಿಸುವವನಿಗೆ ಊರಿನ ಸರಾಸರಿ ಸಾಕು. ಬಿತ್ತಿದ್ದು ಕಳೆದುಕೊಂಡವನಿಗೆ ಅದು ಸಾಲದು. ವಸೂಲಿಗೆ ಹುಟ್ಟಿದ ಈ ಅಳತೆಗೋಲನ್ನೇ ಕೊಡುವುದಕ್ಕೂ ಹಿಡಿದದ್ದು ಈ ಸೀಮೆಯ ಪರಿಹಾರದ ಮೂಲದೋಷ ಎಂಬುದು ನನ್ನ ವಾದ.

ಇಲ್ಲಿ ಉಳಿದದ್ದೆಲ್ಲ ಬದಲಾಗಿದೆ. ನಿಜಾಮರ ಕಾಲದಲ್ಲಿ ಉದಗೀರ, ನಿಲಂಗಾ ಬೀದರ ಜಿಲ್ಲೆಯವು, ಉಮರ್ಗಾ ಉಸ್ಮಾನಾಬಾದಿನದು. 1949ರಲ್ಲಿ ಜಾಗೀರು ಹೋಯಿತು. 1956ರಲ್ಲಿ ಬೀದರ ಮೈಸೂರಿಗೆ ಬಂದರೆ ಈ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, 1960ರಲ್ಲಿ ಮಹಾರಾಷ್ಟ್ರದವಾದವು, 1982ರಲ್ಲಿ ಲಾತೂರು ಜಿಲ್ಲೆ ಬೇರೆಯಾಯಿತು. ಉರ್ದು ದಫ್ತರ ಮರಾಠಿಯ ಸಾತ್‌ಬಾರಾ ಪಹಣಿಯಾಯಿತು. ಮನೆಯಲ್ಲಿ ಕನ್ನಡ ಆಡುವವನಿಗೆ ಎರಡೂ ಬೇರೊಬ್ಬರು ಓದಿ ಹೇಳಬೇಕಾದ ಕಾಗದಗಳೇ. ಸರಾಸರಿಯ ಲೆಕ್ಕ ಮಾತ್ರ ಕದಲಲಿಲ್ಲ. ಅದನ್ನು ಪಕ್ಕಕ್ಕಿಟ್ಟದ್ದು 1972ರ ಬರಗಾಲದಲ್ಲಿ ಬಲಗೊಂಡ, ಉದ್ಯೋಗ ಖಾತರಿಯ ರೋಜಗಾರ ಹಮಿ ಯೋಜನೆ. ವಿ.ಸ. ಪಾಗೆಯವರು ರೂಪಿಸಿದ ಈ ಯೋಜನೆ 1977ರಲ್ಲಿ ಕಾನೂನಾಗಿ 1979ರಿಂದ ಜಾರಿಗೆ ಬಂತು. ಊರಿಗೆ ಎಷ್ಟಾಣೆ, ನಿನ್ನ ಹೆಸರಿಗೆ ಎಷ್ಟು ಎಕರೆ ಎಂದು ಕೇಳದೆ, ಕೆಲಸ ಬೇಡಿದವನಿಗೆ ಕೆಲಸ ಕೊಟ್ಟಿತು. ಹೊಲವಿಲ್ಲದವರನ್ನೂ ಮುಟ್ಟಿದ್ದು ಅದರ ದೊಡ್ಡಸ್ತಿಕೆ. ಆದರೆ ಅದು ದುಡಿತದ ಕೂಲಿ, ಹಾಳಾದ ಬೆಳೆಯ ಬೆಲೆಯಲ್ಲ.

ಲಕ್ಷಗಟ್ಟಲೆ ಹೊಲಗಳನ್ನು ಒಂದೊಂದಾಗಿ ನೋಡುವುದು ಆಗದ ಮಾತು, ಪಂಚನಾಮೆ ಎಂದರೆ ಶಿಫಾರಸು, ಲಂಚ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೂ 1993ರ ಸೆಪ್ಟೆಂಬರ್ 30ರಂದು ಇದೇ ಸೀಮೆಯಲ್ಲಾದ ಕಿಲ್ಲಾರಿ ಭೂಕಂಪದ ನಂತರ ಇದೇ ಆಡಳಿತ ಮನೆಮನೆಯ ಹಾನಿ ನೋಡಿ, ದುರಸ್ತಿಯ ಹಣವನ್ನು ಮನೆಯವರ ಬ್ಯಾಂಕ್ ಖಾತೆಗೇ ಕಂತುಕಂತಾಗಿ ಹಾಕಿತ್ತು. ಹೊಲಹೊಲ ನೋಡಲಾಗದಿದ್ದರೆ ಸರಾಸರಿಯ ವ್ಯಾಪ್ತಿಯನ್ನಾದರೂ ಕಿರಿದು ಮಾಡಬಹುದು. ಆದದ್ದು ತಿರುಗುಮುರುಗು. 2016ರ ಕೇಂದ್ರದ ಬರ ಕೈಪಿಡಿ ಪೈಸೆವಾರಿಯ ಬದಲು ಮಳೆ, ಹಸಿರು, ತೇವಾಂಶದ ಸೂಚ್ಯಂಕ ತಂದಿತು. ಘೋಷಣೆ ಮಾತ್ರ ತಾಲ್ಲೂಕಿನ ಮಟ್ಟಕ್ಕೆ ಏರಿತು. 2023ರಲ್ಲಿ ಮಹಾರಾಷ್ಟ್ರ ಮೊದಲು ಬರ ಘೋಷಿಸಿದ 40 ತಾಲ್ಲೂಕುಗಳಲ್ಲಿ ಲೋಹಾರಾ ಇತ್ತು, ಅದು ಹಿಂದೆ ಸೇರಿದ್ದ ಉಮರ್ಗಾ ಇರಲಿಲ್ಲ. ಮೋಡಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಆಮೇಲೆ ಸಾವಿರಕ್ಕೂ ಮಿಕ್ಕ ಕಂದಾಯ ಮಂಡಳಗಳ ಪಟ್ಟಿ ತಂದು ತೇಪೆ ಹಾಕಬೇಕಾಯಿತು.

ಬೆಳೆವಿಮೆಯಲ್ಲೂ ಅದೇ ಕಥೆ. 2016ರ ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಮಹಾರಾಷ್ಟ್ರದ ಸೋಯಾಬೀನಿಗೆ ಹಲವು ಊರುಗಳ ಕಂದಾಯ ಮಂಡಳವೇ ಘಟಕ. ಒಬ್ಬನ ಹೊಲಕ್ಕಷ್ಟೇ ನೀರು ನುಗ್ಗಿದಾಗ ಅವನೊಬ್ಬನ ಹಾನಿ ನೋಡುವ ಅವಕಾಶವಿತ್ತು. 2025ರ ಮುಂಗಾರಿಗೆ ರಾಜ್ಯ ಅದನ್ನೂ ತೆಗೆದು ಕೊಯ್ಲಿನ ಪ್ರಯೋಗದ ಸರಾಸರಿಯನ್ನಷ್ಟೇ ಉಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ) ಜಿಲ್ಲೆಗಳ ಹೊಲಗಳು ಮಳೆಯಲ್ಲಿ ಮುಳುಗಿದವು. ಘಟಕವನ್ನು ಕಿರಿದು ಮಾಡಬಹುದೆಂಬುದಕ್ಕೆ ಸಾಕ್ಷಿ ದೂರವಿಲ್ಲ: ಗಡಿಯಾಚೆ ಕರ್ನಾಟಕದ ಬೀದರ ಜಿಲ್ಲೆಯ ಔರಾದಿನಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮೆಯ ಘಟಕ.